ಪಕ್ಕದ ಮನೆಗೆ ಹೆಪ್ಪು

ನಮ್ಮೂರಿನಲ್ಲಿ ಹಾಲು ಮೊಸರಾಗುವುದು ದಿನಕ್ಕೆ ಒಂದೇ ಮನೆಯಲ್ಲಿ. ಇವತ್ತು ಮೂಲೆಮನೆಯವರ ಸರದಿಯಾದರೆ ನಾಳೆ ಅವರ ಪಕ್ಕದವರದು, ನಾಡಿದ್ದು ಅದರ ಪಕ್ಕದವರದು. ಅರವತ್ತೊಂದು ಮನೆ, ಅರವತ್ತೊಂದು ದಿನ, ಮತ್ತೆ ಮೂಲೆಮನೆ. ಸರದಿಯಿಲ್ಲದ ಮನೆಯಲ್ಲಿ ನೀವು ಹಾಲಿಗೆ ಹೆಪ್ಪು ಹಾಕಿ, ಕಂಬಳಿ ಹೊದಿಸಿ, ಒಲೆಯ ಪಕ್ಕ ಕೂರಿಸಿ ಜೋಗುಳ ಹಾಡಿದರೂ ಬೆಳಗ್ಗೆ ಅದು ಹಾಲಾಗಿಯೇ ಇರುತ್ತದೆ. ಇಡ್ಲಿ ಹಿಟ್ಟೂ ಅಷ್ಟೇ, ರುಬ್ಬಿಟ್ಟ ಮಟ್ಟದಿಂದ ಒಂದು ಕೂದಲೆಳೆಯಷ್ಟೂ ಏಳುವುದಿಲ್ಲ. ಹಾಗಾಗಿ ಸಂಜೆಯಾಯಿತೆಂದರೆ ಊರಿಗೆ ಊರೇ ಹಾಲಿನ ಚೊಂಬು, ಹಿಟ್ಟಿನ ಪಾತ್ರೆ ಹಿಡಿದುಕೊಂಡು ಸರದಿಯ ಮನೆಗೆ ಹೊರಡುತ್ತದೆ. ಬೆಳಗ್ಗೆ ಅವರವರ ಪಾತ್ರೆ ಅವರವರು ತಂದುಕೊಳ್ಳುತ್ತಾರೆ. ಬೇರೆ ಊರುಗಳಲ್ಲಿ ಎಲ್ಲರ ಮನೆಯಲ್ಲೂ ದಿನಾ ಮೊಸರಾಗುತ್ತದಂತೆ. ಹಾಗಾದರೆ ಅಲ್ಲಿನ ಜನ ಒಬ್ಬರ ಮನೆಗೆ ಒಬ್ಬರು ಯಾಕೆ ಹೋಗುತ್ತಾರೋ ನನಗೆ ತಿಳಿಯದು.

ಒಮ್ಮೆ ಕಾಲೇಜಿನ ಮೇಡಂ ಒಬ್ಬರು ಗಾಜಿನ ಕೊಳವೆಗಳ ಪೆಟ್ಟಿಗೆ ಹಿಡಿದು ಬಂದಿದ್ದರು. ಮೊಸರಿನೊಳಗೆ ಬ್ಯಾಕ್ಟೀರಿಯಾ ಅಂತ ಕಣ್ಣಿಗೆ ಕಾಣದ ಜೀವಿಗಳಿರುತ್ತವೆ, ಅವು ಹಾಲಿನ ಸಕ್ಕರೆ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ, ಆ ಹುಳಿಗೆ ಹಾಲು ಗಟ್ಟಿಯಾಗುತ್ತದೆ, ಹಳೇ ಮೊಸರು ಒಂದು ಚಮಚ ಹೊಸ ಹಾಲಿಗೆ ಬಿದ್ದರೆ ಅದೇ ಸಂಸಾರ ಮುಂದುವರಿಯುತ್ತದೆ ಎಂದು ಚಾವಡಿಯಲ್ಲಿ ನಿಂತು ವಿವರಿಸಿದರು. ನಾವೆಲ್ಲ ತಲೆಯಾಡಿಸಿದೆವು. ಸಂಸಾರದ ಸಂಗತಿ ನಮಗೂ ಗೊತ್ತಿತ್ತು, ಹೆಸರು ಮಾತ್ರ ಗೊತ್ತಿರಲಿಲ್ಲ. “ಹಾಗಾದ್ರೆ ಮಿಕ್ಕಿದ್ ಅರವತ್ ಮನೇಲಿ ಅವು ಯಾಕ್ ಮೇಡಂ ಕೆಲ್ಸ ಮಾಡಲ್ಲ?” ಎಂದು ನನ್ನ ಗಂಡ ಕೇಳಿದರು. ಮೇಡಂ ಎರಡು ಲೋಟ ಮಜ್ಜಿಗೆ ಕುಡಿದು, ಬಸ್ಸಿಗೆ ಹೊತ್ತಾಯಿತೆಂದು ಎದ್ದರು.

ಹೆಪ್ಪು ತಾನಾಗಿ ಮುಂದಿನ ಮನೆಗೆ ನಡೆದುಕೊಂಡು ಹೋಗುವುದಿಲ್ಲ. ಕೊಟ್ಟು ಬರಬೇಕು. ಊರಿನವರೆಲ್ಲ ತಮ್ಮ ತಮ್ಮ ಪಾತ್ರೆ ಒಯ್ದ ಮೇಲೆ, ಸರದಿಯ ಮನೆಯವರು ಬಟ್ಟಲಲ್ಲಿ ಒಂದಿಷ್ಟು ಮೊಸರು ತೆಗೆದುಕೊಂಡು ಪಕ್ಕದ ಮನೆಯ ಹೊಸ್ತಿಲಲ್ಲಿ ನಿಂತು, “ಇದು ನಿಮ್ಮನೆಗೆ ಬಂತು” ಅನ್ನಬೇಕು. ಅವರು “ಬಂದಿದ್ದು ಒಳ್ಳೇದಾಯ್ತು, ಕೂತ್ಕೊಳ್ಳಿ” ಅನ್ನಬೇಕು. ಇವರು ಕೂರಬೇಕು. ಅವರು ಒಂದು ಲೋಟ ಮಜ್ಜಿಗೆ ಕೊಡಬೇಕು. ಇವರು ಕುಡಿದು ಲೋಟ ಕೆಳಗಿಟ್ಟಾಗ ಸರದಿ ಬದಲಾಗುತ್ತದೆ, ಅದಕ್ಕೆ ಮುಂಚೆ ಇಲ್ಲ. ಕೊಡುವವರು ಆ ಮನೆಯಲ್ಲೇ ಉಂಡು ಮಲಗುವವರಾಗಿರಬೇಕು, ಬಾಡಿಗೆಗೆ ಯಾರನ್ನೋ ಕಳಿಸಿದರೆ ನಡೆಯುವುದಿಲ್ಲ. ತೆಗೆದುಕೊಳ್ಳುವವರು ಬಂದು ಕೇಳುವ ಹಾಗೂ ಇಲ್ಲ. ಕೊಡುವವರು ಒಂಬತ್ತು ದಿನವಾದರೂ ಕೊಡದಿದ್ದರೆ ಪಕ್ಕದ್ದು ಪಾಳುಮನೆ ಎಂದು ಲೆಕ್ಕ. ಚಾವಡಿಯಲ್ಲಿ ಸರದಿ ಬರೆದಿಟ್ಟ ಕರಿಹಲಗೆಯಿಂದ ಆ ಮನೆಯ ಹೆಸರು ಅಳಿಸಿಹೋಗುತ್ತದೆ, ಹೆಪ್ಪು ಅದರ ಆಚೆಮನೆಗೆ ಹಾರುತ್ತದೆ. ನಾನು ಚಿಕ್ಕವಳಿದ್ದಾಗ ಹಾಗೊಂದು ಮನೆ ಅಳಿಸಿಹೋಗಿತ್ತು. ಒಳಗೆ ಜನ ಇದ್ದರು, ದೀಪ ಉರಿಯುತ್ತಿತ್ತು, ಆದರೆ ಅಲ್ಲಿಗೆ ಹೋಗುವುದಕ್ಕೆ ಯಾರಿಗೂ ಕಾರಣವೇ ಇರಲಿಲ್ಲ. ಎರಡು ವರ್ಷದಲ್ಲಿ ಅವರ ಬಾಗಿಲಿನ ತನಕ ಹುಲ್ಲು ಬೆಳೆಯಿತು.

ನಮ್ಮದು ಇಪ್ಪತ್ತೆರಡನೇ ಮನೆ. ಇಪ್ಪತ್ತಮೂರನೆಯದು ನನ್ನ ತಂಗಿ ಗಿರಿಜಾಂಬಳದು. ಒಂದೇ ಗೋಡೆ, ಎರಡು ಮನೆ. ಅವಳು ಒಬ್ಬಳೇ ಇದ್ದು ರವಿಕೆ ಹೊಲಿಯುತ್ತಾಳೆ. ಅವಳ ಹೊಲಿಗೆ ಮೆಷಿನ್ನಿನ ಸದ್ದು ಗೋಡೆಯಾಚೆಯಿಂದ ನನಗೆ ಕೇಳುತ್ತದೆ. ಸಿಟ್ಟು ಬಂದಾಗ ಜೋರಾಗಿ ತುಳಿಯುತ್ತಾಳೆ, ಬೇಜಾರಾದಾಗ ನಡುನಡುವೆ ನಿಲ್ಲಿಸುತ್ತಾಳೆ. ಒಂಬತ್ತು ವರ್ಷದಿಂದ ಅವಳ ಬಗ್ಗೆ ನನಗೆ ತಿಳಿದದ್ದೆಲ್ಲ ಆ ಮೆಷಿನ್ನಿನಿಂದಲೇ, ಯಾಕೆಂದರೆ ನಮಗೆ ಮಾತಿಲ್ಲ. ಸರದಿಯ ಮನೆಗೆ ನಮ್ಮ ಪಾತ್ರೆ ಒಯ್ದು ತರುವವರು ನನ್ನ ಗಂಡ, ನಮ್ಮ ಸರದಿಯ ದಿನ ಅವಳ ಪಾತ್ರೆ ಒಳಗಿಡುವವರೂ ಅವರೇ, ಆಗ ನಾನು ಅಡುಗೆಮನೆ ಬಿಟ್ಟು ಹೊರಬರುವುದಿಲ್ಲ.

ಮಾತು ಬಿಟ್ಟದ್ದು ಅಮ್ಮ ತೀರಿಹೋಗಿ ವರ್ಷವಾದಾಗಿನ ಪೂಜೆಯ ಊಟದಲ್ಲಿ. ನಾನು ಮಜ್ಜಿಗೆ ಬಡಿಸುತ್ತಿದ್ದೆ. ಗಿರಿಜಾ ತನ್ನ ಲೋಟ ಎತ್ತಿ ಹಿಡಿದು, ಪಂಕ್ತಿಗೆಲ್ಲ ಕೇಳುವಂತೆ, “ಅಕ್ಕನ್ ಮಜ್ಗೆಲಿ ಮುಖ ನೋಡ್ಕೋಬೋದು ಕಣ್ರೀ, ಕನ್ನಡಿ ಬೇಡ” ಅಂದಳು. ಪಂಕ್ತಿಯಲ್ಲಿ ನಗೆ ಎದ್ದಿತು. ನಾನು ಸೌಟು ಹಿಡಿದುಕೊಂಡೇ, “ನಿನ್ನ ಮೂತಿಗೆ ಅದೇ ಜಾಸ್ತಿ” ಅಂದೆ. ನಗೆ ಇನ್ನೂ ಜೋರಾಯಿತು. ಅವಳು ಅರ್ಧ ಊಟದಲ್ಲಿ ಎದ್ದು ಕೈತೊಳೆದಳು. ಇಷ್ಟೇ. ಇದಕ್ಕೆ ಒಂಬತ್ತು ವರ್ಷ ಬೇಕಾಗಿತ್ತಾ ಎಂದು ನೀವು ಕೇಳಬಹುದು. ನನ್ನ ಗಂಡನೂ ಕೇಳಿದ್ದರು, ಅವರ ಜೊತೆಗೂ ನಾಲ್ಕು ದಿನ ಮಾತು ಬಿಟ್ಟಿದ್ದೆ.

ನನ್ನ ಗಂಡ ಪಾಲಾಕ್ಷಪ್ಪನವರು ಪೋಸ್ಟ್‌ಮ್ಯಾನ್. ಒಂಬತ್ತು ವರ್ಷವೂ ನಮ್ಮ ಸರದಿ ಮುಗಿದ ಬೆಳಗ್ಗೆ ಹೆಪ್ಪಿನ ಬಟ್ಟಲನ್ನು ಖಾಕಿ ಚೀಲದಲ್ಲಿಟ್ಟುಕೊಂಡು ಪಕ್ಕದ ಮನೆಗೆ ಹೋಗಿ, ಹೇಳುವುದನ್ನು ಹೇಳಿ, ಕುಡಿಯುವುದನ್ನು ಕುಡಿದು ಬರುತ್ತಿದ್ದವರು ಅವರೇ. “ಏನಂದ್ಲು?” ಎಂದು ನಾನು ಕೇಳುತ್ತಿದ್ದೆ. “ಒಳ್ಳೇದಾಯ್ತು, ಕೂತ್ಕೊಳ್ಳಿ ಅಂದ್ಲು” ಎನ್ನುತ್ತಿದ್ದರು. “ಆಮೇಲೆ?” “ಆಮೇಲೆ ಕೂತ್ಕೊಂಡೆ.” ಇಂಥ ಮನುಷ್ಯ ಜಗತ್ತಿನ ಸುದ್ದಿಯನ್ನೆಲ್ಲ ಮನೆಮನೆಗೆ ಹಂಚುತ್ತಿದ್ದರು ಅಂದರೆ ನಂಬುವುದು ಕಷ್ಟ.

ಈ ಸಲ ನಮ್ಮ ಸರದಿ ಬಂದದ್ದು ಅವರು ನಿವೃತ್ತರಾದ ಮಾರನೇ ದಿನ. ಊರಿನವರೆಲ್ಲ ಪಾತ್ರೆ ಒಯ್ದ ಮೇಲೆ ನಾನು ಬಟ್ಟಲು ತಂದು ಅವರ ಮುಂದಿಟ್ಟೆ. ಅವರು ಹಾರ ಹಾಕಿಸಿಕೊಂಡ ಗತ್ತು ಇನ್ನೂ ಇಳಿಯದೆ, ಸನ್ಮಾನದ ಶಾಲು ಹೊದ್ದುಕೊಂಡೇ ಜಗುಲಿಯ ಮೇಲೆ ಕೂತಿದ್ದರು.

“ನಾನು ರಿಟೈರಾದೆ” ಅಂದರು.

“ಆಫೀಸಿಂದ ಆದ್ರಿ. ಇದು ಮನೆ.”

“ಮೂವತ್ತೆಂಟು ವರ್ಷ ಕಂಡೋರ ಬಾಗ್ಲಿಗೆ ತಂದ್ಕೊಟ್ಟಿದೀನಿ ಕಣೇ ದಾಕ್ಷಾಯಿಣಿ. ಇನ್ಮೇಲೆ ಈ ಬಾಗ್ಲಿಂದ ಆ ಬಾಗ್ಲಿಗೆ ಒಂದ್ ಹುಲ್ಲುಕಡ್ಡಿನೂ ಹೊತ್ಕೊಂಡ್ ಹೋಗಲ್ಲ. ನಿನ್ನ ತಂಗಿ, ನಿನ್ನ ಹೆಪ್ಪು. ನೀನೇ ಹೋಗು.”

ಬೇಡಿದೆ, ಬೈದೆ, ಅತ್ತೆ. ಅವರು ಶಾಲಿನ ಅಂಚನ್ನು ಸರಿಮಾಡಿಕೊಂಡರು. ನನಗೂ ಹಟ ಬಂತು. ಇಷ್ಟು ವರ್ಷ ತುಳಿಯದ ಹೊಸ್ತಿಲನ್ನು, ಇವರಿಗೆ ಪಿಂಚಣಿ ಬಂತೆಂದು ನಾನು ಯಾಕೆ ತುಳಿಯಲಿ? ಬಟ್ಟಲನ್ನು ಒಳಗೆ ತಂದು ಮುಚ್ಚಿಟ್ಟೆ. ಹೆಪ್ಪು ನಮ್ಮ ಮನೆಯಲ್ಲೇ ಉಳಿಯಿತು.

ಒಂದು ದಿನದ ನೆಂಟ ಎರಡನೇ ದಿನವೂ ಉಳಿದರೆ ಮನೆ ಹೇಗಾಗುತ್ತದೋ ಹಾಗಾಯಿತು. ಮೊದಲು ಬೆಳಗಿನ ಪಾಯಸ ಮಧ್ಯಾಹ್ನಕ್ಕೆ ಹುಳಿಯಾಯಿತು. ಮೂರನೇ ದಿನ ಕಾಫಿ ಡಿಕಾಕ್ಷನ್ನಿನಲ್ಲಿ ಗುಳ್ಳೆ ಎದ್ದಿತು. ರಾಗಿ ಅಂಬಲಿ ತಾನೇ ಉಕ್ಕಿ ಒಲೆಕಟ್ಟೆಯಿಂದ ಇಳಿದು ಬಚ್ಚಲಿನ ದಾರಿ ಹಿಡಿಯಿತು. ನಾಲ್ಕನೇ ದಿನ ಪಾಲಾಕ್ಷಪ್ಪನವರು ಆಫೀಸಿನಿಂದ ನೆನಪಿಗೆಂದು ತಂದುಕೊಂಡಿದ್ದ ಗೋಂದಿನ ಬಾಟಲಿಯ ಬಿರಡೆ ಪಟ್ಟೆಂದು ಹಾರಿ ಸೂರಿಗೆ ಅಂಟಿಕೊಂಡಿತು, ಇವತ್ತಿಗೂ ಅಲ್ಲೇ ಇದೆ. ಗಂಜಿ ಹಾಕಿ ಒಣಗಿಸಿದ್ದ ಅವರ ಪಂಚೆ ಹುಳಿವಾಸನೆ ಹಿಡಿದು, ಉಟ್ಟುಕೊಂಡರೆ ಮೈ ತುರಿಸತೊಡಗಿತು. “ಹೋಗಲ್ವಾ?” ಅಂದೆ. “ಹೋಗಲ್ಲ” ಎಂದು ತುರಿಸಿಕೊಂಡರು.

ಊರಿನವರ ಪಾಡೂ ಅದೇ. ಸಂಜೆ ಇಟ್ಟ ಹಾಲು ಅವರು ಬೀದಿ ತಿರುಗುವುದರೊಳಗೆ ಮೊಸರಾಗುತ್ತಿತ್ತು. ಬೆಳಗ್ಗೆ ಅದನ್ನು ಬಾಯಿಗಿಟ್ಟವರ ಒಂದು ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಆ ವಾರ ಊರಿನಲ್ಲಿ ಯಾರು ಯಾರಿಗೆ ಕಣ್ಣು ಹೊಡೆದರೂ ಯಾರೂ ತಪ್ಪು ತಿಳಿಯಲಿಲ್ಲ. ಹೋಟೆಲಿನ ಕೆಂಚಪ್ಪನ ಇಡ್ಲಿಗಳು ಉಬ್ಬಿ, ಪಾತ್ರೆಯ ಮುಚ್ಚಳ ಎತ್ತಿಕೊಂಡು ಹೊರಗೆ ಇಣುಕಿದವು. ಅವನು ಮುಚ್ಚಳದ ಮೇಲೆ ರುಬ್ಬುಗುಂಡು ಹೇರಿದ. ಆಮೇಲೆ ರುಬ್ಬುಗುಂಡಿನ ಮೇಲೆ ತನ್ನ ಭಾವಮೈದುನನನ್ನು ಕೂರಿಸಿದ.

ನಾನು ಸುಮ್ಮನೆ ಕೂತಿರಲಿಲ್ಲ. ಹಿತ್ತಲಿನ ಗೋಡೆ ಪಕ್ಕ ಸ್ಟೂಲು ಹಾಕಿಕೊಂಡು ನಿಂತು, ಬಟ್ಟಲನ್ನು ಆಚೆಗೆ ಚಾಚಿ, “ಇದು ನಿಮ್ಮನೆಗೆ ಬಂತು” ಅಂದೆ. ಗಿರಿಜಾಳ ಬದನೆ ಗಿಡಗಳಷ್ಟೇ ಕೇಳಿಸಿಕೊಂಡವು. ಗಿರಿಜಾಳ ಆಚೆಮನೆಯ ಗಂಡಹೆಂಡಿರಿಗೆ ನೇರವಾಗಿ ಕೊಟ್ಟು ನೋಡಿದೆ. ಪಾಪ, ಅವರು ಕೂರಿಸಿ, ಮಜ್ಜಿಗೆ ಕೊಟ್ಟು, ಎಲ್ಲ ಸರಿಯಾಗಿ ಮಾಡಿದರು. ಸಂಜೆ ನೋಡಿದರೆ ಅವರ ಹಾಲು ಹಾಲಾಗಿಯೇ ಇತ್ತು, ನಮ್ಮ ಮನೆಯ ಬೆಲ್ಲದ ಡಬ್ಬಿ ಬುಸುಗುಡುತ್ತಿತ್ತು. ಆ ಹೊತ್ತಿಗೆ ನನಗೊಂದು ಉಪಾಯ ಹೊಳೆಯಿತು. ಪೋಸ್ಟ್‌ಮ್ಯಾನಿನ ಹೆಂಡತಿಗೆ ಮಾತ್ರ ಹೊಳೆಯುವಂಥದ್ದು. ಹೆಪ್ಪನ್ನು ಸಣ್ಣ ಡಬ್ಬಿಯಲ್ಲಿ ಹಾಕಿ, ಬಟ್ಟೆ ಸುತ್ತಿ ಹೊಲಿದು, ಒಳಗೆ “ಇದು ನಿಮ್ಮ ಮನೆಗೆ ಬಂತು” ಎಂಬ ಚೀಟಿಯಿಟ್ಟು, ಪಕ್ಕದ ಮನೆಗೆ ರಿಜಿಸ್ಟರ್ ಪಾರ್ಸೆಲ್ ಮಾಡಿದೆ. ಕೈಸೇರಿದ್ದಕ್ಕೆ ಸಹಿ ಬೇಕೆಂದು ಸ್ವೀಕೃತಿ ಕಾರ್ಡನ್ನೂ ಅಂಟಿಸಿದೆ. ಪಾಲಾಕ್ಷಪ್ಪನವರು ಜಗುಲಿಯಿಂದ ನೋಡಿ, “ಪಿನ್‌ಕೋಡ್ ಬರೆದ್ಯಾ?” ಎಂದಷ್ಟೇ ಕೇಳಿದರು.

ಪಾರ್ಸೆಲ್ ಮೊದಲು ಬಸ್ಸಿನಲ್ಲಿ ದೊಡ್ಡ ಊರಿಗೆ ಹೋಯಿತು, ಅಲ್ಲಿ ಠಸ್ಸೆ ಹೊಡೆಸಿಕೊಂಡು ಇನ್ನೂ ದೊಡ್ಡ ಊರಿಗೆ ಹೋಯಿತು, ಅಲ್ಲಿಂದ ತಿರುಗಿ ಬಂತು. ಆರು ಗಜದ ದಾರಿಗೆ ಮೂರು ದಿನ ಹಿಡಿಯಿತು. ಹೊಸ ಪೋಸ್ಟ್‌ಮ್ಯಾನ್ ಅದನ್ನು ಗಿರಿಜಾಳ ಬಾಗಿಲಲ್ಲಿ ಕೊಡುವುದನ್ನು ನಾನು ಕಿಟಕಿಯಿಂದ ನೋಡಿದೆ. ಮೆಷಿನ್ ನಿಂತಿತು. ಸ್ವಲ್ಪ ಹೊತ್ತಿಗೆ ಸ್ವೀಕೃತಿ ಕಾರ್ಡು ನನ್ನ ಕೈಗೆ ಬಂತು. ಸಹಿಯ ಜಾಗದಲ್ಲಿ ಅವಳ ದುಂಡು ಅಕ್ಷರ: “ಹಾಲು ತಲುಪಿತು. ಸಕ್ಕರೆ ಹಾಕಿ ಕುಡಿದೆ.” ಊರಿನ ಗಡಿ ದಾಟಿದ ಹೆಪ್ಪು ಹಾಲಿಗೆ ತಿರುಗಿಬಿಟ್ಟಿತ್ತು. ನಾನು ಕಾರ್ಡನ್ನು ಸಿಟ್ಟಿನಿಂದ ಎಸೆದೆ. ಆಮೇಲೆ ಹೆಕ್ಕಿಕೊಂಡು ಇನ್ನೊಂದು ಸಲ ಓದಿದೆ. ಒಂಬತ್ತು ವರ್ಷದಲ್ಲಿ ಅವಳು ನನಗೆ ಬರೆದ ಮೊದಲ ಸಾಲು ಅದು.

ಅದು ಎಂಟನೇ ದಿನ. ಸಂಜೆ ಚಾವಡಿಯ ಹಲಗೆ ಬರೆಯುವ ಷಡಕ್ಷರಿ ಮೇಷ್ಟ್ರು ಬಂದರು. ಅವರ ಒಂದು ಕಣ್ಣು ಮುಚ್ಚಿತ್ತು, ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

“ನಾಳೆ ಸಂಜೆಗೆ ಒಂಬತ್ತಾಗುತ್ತಮ್ಮ. ಯೋಚ್ನೆ ಮಾಡ್ಬೇಡಿ, ಆಮೇಲೆ ತಾನಾಗೇ ಆಚೆಮನೆಗೆ ಹೋಗುತ್ತೆ. ನಿಮಗೇನೂ ತೊಂದ್ರೆ ಇಲ್ಲ.”

“ಗಿರಿಜಾ?”

“ಇಪ್ಪತ್ಮೂರು ಅಳಿಸ್ತೀನಿ. ನಿಯಮ ನಿಯಮಾನೇ. ಅವ್ರಿಗೂ ಹೇಳ್ಬಂದೆ.”

“ಏನಂದ್ಲು?”

“ಅಳಿಸುವಾಗ ಇಪ್ಪತ್ತೆರಡರ ಮೇಲೆ ಒದ್ದೆ ಬಟ್ಟೆ ತಾಗದಂಗೆ ನೋಡ್ಕೊಳ್ಳಿ, ಸೀಮೆಸುಣ್ಣ ಬೇಗ ಹರಡುತ್ತೆ ಅಂದ್ರು.”

ಮೇಷ್ಟ್ರು ಹೋದರು. ಅವರು ಹೇಳಿದ್ದು ನಿಜ, ನನಗೇನೂ ತೊಂದರೆ ಇರಲಿಲ್ಲ. ಒಂದು ದಿನ ಸುಮ್ಮನಿದ್ದರೆ ನನ್ನ ಮನೆ ಮತ್ತೆ ಸಿಹಿಯಾಗುತ್ತಿತ್ತು, ನನ್ನ ಹಟವೂ ಉಳಿಯುತ್ತಿತ್ತು. ನಾನು ಜಗುಲಿಯ ಕಂಬಕ್ಕೆ ಒರಗಿ ಕೂತೆ. ಗೋಡೆಯಾಚೆ ಮೆಷಿನ್ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು, ಮತ್ತೆ ನಿಲ್ಲುತ್ತಿತ್ತು. ಅವಳ ಬಾಗಿಲಿನ ತನಕ ಹುಲ್ಲು ಬೆಳೆದದ್ದು ನನ್ನ ಕಣ್ಣಿಗೆ ಕಟ್ಟಿತು. ಎದ್ದು ಒಳಗೆ ಹೋಗಿ ಹೆಪ್ಪಿನ ಬಟ್ಟಲನ್ನು ಬಾಗಿಲ ಪಕ್ಕಕ್ಕೆ ತಂದಿಟ್ಟೆ.

ಮಾರನೇ ಬೆಳಗ್ಗೆ ಪಾತ್ರೆ ಒಯ್ಯಲು ಬಂದ ಊರಿನವರ ಎದುರಿಗೇ ನಾನು ಬಟ್ಟಲು ಹಿಡಿದು ಹೊರಬಿದ್ದೆ. ಎಲ್ಲರೂ ತಮ್ಮ ತಮ್ಮ ಚೊಂಬು ಎತ್ತಿಕೊಂಡು ನನ್ನ ಹಿಂದೆಯೇ ಆರು ಗಜ ನಡೆದು ಗಿರಿಜಾಳ ಅಂಗಳದಲ್ಲಿ ನಿಂತರು. ಕೆಂಚಪ್ಪ ಭಾವಮೈದುನನನ್ನೂ ಕರೆತಂದಿದ್ದ. ಮೇಷ್ಟ್ರು ಒದ್ದೆ ಬಟ್ಟೆಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡಿದ್ದರು.

ಬಾಗಿಲು ತೆರೆದೇ ಇತ್ತು. ಅವಳು ಮೆಷಿನ್ ಮುಂದೆ ಕೂತಿದ್ದಳು. ಕೂದಲು ನನಗಿಂತ ಹೆಚ್ಚು ನರೆತಿತ್ತು. ಪಕ್ಕದ ಮನೆಯಲ್ಲಿದ್ದೂ ಇದು ನನಗೆ ಗೊತ್ತಿರಲಿಲ್ಲ. ಮೆಷಿನ್ನಿನ ಸದ್ದಿನಲ್ಲಿ ನರೆ ಕೇಳಿಸುವುದಿಲ್ಲವಲ್ಲ.

“ಇದು...” ಅಂದೆ. ಬಟ್ಟಲನ್ನು ಮುಂದಕ್ಕೆ ಚಾಚಿದೆ. “ಇದು ನಿಮ್ಮನೆಗೆ ಬಂತು.”

ಅವಳು ತಲೆಯೆತ್ತಿದಳು. ನನ್ನ ಮುಖ ನೋಡಲಿಲ್ಲ, ನನ್ನ ಹೆಗಲು ನೋಡಿದಳು. “ಆ ರವಿಕೆ ಯಾವ್ನು ಹೊಲ್ದಿದ್ದು?” ಅಂದಳು. “ಎಡಗಡೆ ಹೆಗ್ಲು ಜಾರ್ತಾ ಇದೆ. ಒಂಬತ್ ವರ್ಷದಿಂದ ನೋಡ್ತಿದೀನಿ, ನೀನು ಬಾವಿಗೆ ಹೋಗುವಾಗೆಲ್ಲ ಹೊಟ್ಟೆ ಉರಿಯುತ್ತೆ.”

“ಅಮ್ಮಾ, ಮೊದ್ಲು ಒಳ್ಳೇದಾಯ್ತು ಅನ್ನಿ!” ಎಂದು ಅಂಗಳದಿಂದ ಕೆಂಚಪ್ಪ ಕೂಗಿದ.

“ಬಂದಿದ್ದು ಒಳ್ಳೇದಾಯ್ತು” ಅಂದಳು ಗಿರಿಜಾ, ಅವನಿಗಲ್ಲ. “ಕೂತ್ಕೋ.”

ಬಟ್ಟಲನ್ನು ಅವಳ ಕೈಗೆ ಕೊಟ್ಟು ಕೂತೆ. ಅವಳು ಹೆಪ್ಪಿನ ವಾಸನೆ ನೋಡಿ ಒಂದು ಕಣ್ಣು ಮುಚ್ಚಿದಳು. ಒಂದು ಚಮಚ ತೆಗೆದು ಹಾಲಿಗೆ ಹಾಕಲು ಬೇರೆ ಇಟ್ಟಳು. ಮಿಕ್ಕದ್ದನ್ನು ಮಜ್ಜಿಗೆ ಮಾಡಲು ಕೂತಳು. ಒಂಬತ್ತು ದಿನದ ಹುಳಿ ಸುಲಭಕ್ಕೆ ಬಗ್ಗಲಿಲ್ಲ. ಒಂದು ಚೊಂಬು ನೀರು ಹಾಕಿದಳು, ರುಚಿ ನೋಡಿದಳು, ತಲೆ ಕೊಡವಿದಳು. ಇನ್ನೊಂದು ಚೊಂಬು ಹಾಕಿದಳು. ಮೂರನೆಯದಕ್ಕೆ ಉಪ್ಪು, ಶುಂಠಿ ಹಾಕಿ ಲೋಟಕ್ಕೆ ಬಗ್ಗಿಸಿದಳು.

“ಭಾವನ ಕೈಲಿ ಪ್ರತೀ ಸಲ ಕೇಳ್ತಿದ್ದೆ” ಅಂದಳು, ನನ್ನ ಕಡೆ ತಿರುಗದೆ. “ಅಕ್ಕ ಹೇಗಿದಾಳೆ, ಮಂಡಿನೋವು ಹೇಗಿದೆ ಅಂತ.”

“ನಂಗವ್ರು ಒಂದ್ಸಲನೂ ಹೇಳ್ಲಿಲ್ಲ! ನಾನೂ ಕೇಳ್ತಿದ್ದೆ, ಏನಂದ್ಲು ಅಂತ.”

“ನಂಗೂ ಹೇಳ್ಲಿಲ್ಲ.”

ಇಬ್ಬರೂ ಒಟ್ಟಿಗೆ ಕಿಟಕಿಯ ಕಡೆ ತಿರುಗಿದೆವು. ಶಾಲು ಹೊದ್ದ ಪಾಲಾಕ್ಷಪ್ಪನವರು ಅಂಗಳದಲ್ಲಿ ಎಲ್ಲರಿಗಿಂತ ಹಿಂದೆ ನಿಂತು ಪಂಚೆಯ ಮೇಲಿಂದ ತೊಡೆ ತುರಿಸಿಕೊಳ್ಳುತ್ತಿದ್ದರು.

“ಯಾಕ್ರೀ ಹೇಳ್ಲಿಲ್ಲ?” ಎಂದು ಕೂಗಿದೆ.

“ಏನಂತ ಹೇಳ್ಲಿ?” ಅವರ ಧ್ವನಿಯಲ್ಲಿ ಮೂವತ್ತೆಂಟು ವರ್ಷದ ಅಂಚೆ ಇಲಾಖೆಯೇ ಇತ್ತು. “ಅವ್ಳು, ‘ಭಾವ, ನಾನು ಕೇಳ್ದೆ ಅಂತ ಅಕ್ಕಂಗೆ ಹೇಳ್ಬೇಡಿ’ ಅನ್ನೋಳು. ನೀನು, ‘ನಾನು ಕೇಳ್ದೆ ಅಂತ ಅವ್ಳಿಗೆ ಹೇಳ್ಬೇಡಿ’ ಅನ್ನೋಳು. ಕೊಡ್ಬೇಡಿ ಅಂದ ಕಾಗ್ದ ನಾನು ಯಾವತ್ತೂ ಕೊಟ್ಟೋನಲ್ಲ. ಐವತ್ನಾಲ್ಕು ಸಲ ಹೊಟ್ಟೇಲಿ ಇಟ್ಕೊಂಡಿದೀನಿ. ನಂಗೂ ಭಾರ ಆಗಲ್ವೇನೇ?”

ಅಂಗಳದಲ್ಲಿ ಯಾರೋ ನಕ್ಕರು, ಯಾರೋ ಮೂಗು ಸೀಟಿದರು. ನನಗೆ ಅಳು ಬಂತು, ಬಿಟ್ಟುಬಿಟ್ಟೆ, ಚೆನ್ನಾಗಿ ಅತ್ತೆ. ಗಿರಿಜಾ ಬಟ್ಟೆ ತುಂಡೊಂದನ್ನು ಕೊಟ್ಟಳು. ಯಾರದೋ ರವಿಕೆಯ ತೋಳು ಅದು. ಮೂಗು ಒರೆಸಿದ ಮೇಲೆ ಇಬ್ಬರಿಗೂ ಗೊತ್ತಾಯಿತು.

ಆಮೇಲೆ ಅವಳು ಲೋಟ ನನ್ನ ಕೈಗೆ ಕೊಟ್ಟಳು. ಮೂರು ಚೊಂಬು ನೀರಿನ ಮಜ್ಜಿಗೆ, ಎಷ್ಟು ತೆಳ್ಳಗಿತ್ತೆಂದರೆ ಬೆಳ್ಳಿ ಲೋಟದ ತಳ ಕಾಣುತ್ತಿತ್ತು. ನಾನು ಬಗ್ಗಿ ನೋಡಿದೆ. ಅವಳು ನನ್ನ ಹೆಗಲ ಮೇಲಿಂದ ಬಗ್ಗಿ ನೋಡಿದಳು. ಜಾರಿದ ರವಿಕೆಯ ಹೆಗಲನ್ನು ಹಾಗೆಯೇ ಎಳೆದು ಸರಿಮಾಡಿದಳು.

“ಮುಖ ಕಾಣುತ್ತೆ” ಅಂದೆ.

“ಇಬ್ರುದೂ ಕಾಣುತ್ತೆ” ಅಂದಳು.

ಕುಡಿದೆ. ಅಮ್ಮ ಮಾಡುತ್ತಿದ್ದ ಮಜ್ಜಿಗೆ ಹೀಗೇ ಇರುತ್ತಿತ್ತು. ಮನೆತುಂಬ ಜನ, ಹಿಡಿಯಷ್ಟು ಮೊಸರು, ಎಲ್ಲರಿಗೂ ಸಾಲಬೇಕಲ್ಲ. ಗಿರಿಜಾಳಿಗೆ ಹಾಗಂದೆ. ಅವಳು ಇನ್ನೇನೋ ನೆನಪು ಮಾಡಿಕೊಂಡಳು, ನಾನು ಅದಕ್ಕೆ ಇನ್ನೊಂದು ಸೇರಿಸಿದೆ. ಅಮ್ಮನ ಸುದ್ದಿ ಮುಗಿಯಿತು, ಮಂಡಿನೋವಿನ ಸುದ್ದಿ ಬಂತು, ಬದನೆ ಗಿಡದ ಹುಳುವಿನ ಸುದ್ದಿ ಬಂತು. ಹೊರಗೆ ಬಿಸಿಲೇರಿತು. ಲೋಟ ಕೆಳಗಿಡುವ ತನಕ ಸರದಿ ಬದಲಾಗುವುದಿಲ್ಲ, ಸರದಿ ಬದಲಾದದ್ದನ್ನು ಕಣ್ಣಾರೆ ನೋಡದೆ ಊರಿನವರು ಕದಲುವ ಹಾಗಿರಲಿಲ್ಲ. ಚೊಂಬುಗಳು ಒಂದಕ್ಕೊಂದು ತಾಗುವ ಸದ್ದು ಜೋರಾಯಿತು. ಕೊನೆಗೆ ಷಡಕ್ಷರಿ ಮೇಷ್ಟ್ರು ಕಿಟಕಿಯ ಬಳಿ ಬಂದು ಕೆಮ್ಮಿದರು.

“ದಾಕ್ಷಾಯಿಣಮ್ಮ, ಒಂದ್ ಲೋಟ ಮಜ್ಗೆ ಕುಡಿಯೋಕೆ ಎಷ್ಟೊತ್ತಮ್ಮ? ಮುಗೀಲಿಲ್ವಾ?”

ನಾನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅದು ಖಾಲಿಯಾಗಿ ಎಷ್ಟೋ ಹೊತ್ತಾಗಿತ್ತು, ಒಳಗೆ ಒಣಗಿ ಬಿಳಿ ಗೆರೆ ಕಟ್ಟಿತ್ತು. ಗಿರಿಜಾ ಬಗ್ಗಿ ಲೋಟದೊಳಗೆ ನೋಡಿದಳು. ಆಮೇಲೆ ನನ್ನ ಪಕ್ಕದಲ್ಲಿ ಚಾಪೆ ಎಳೆದುಕೊಂಡು ಕೂತು, ಕಿಟಕಿಯ ಕಡೆ ಕೂಗಿದಳು.

“ಇನ್ನೂ ಅರ್ಧ ಇದೆ ಮೇಷ್ಟ್ರೇ. ಅಕ್ಕ ನಿಧಾನಕ್ಕೆ ಕುಡೀತಿದಾಳೆ.”